ಹಳೆಯ ಟೋಪೋಶೀಟುಗಳು: ಐದು ವರ್ಷಗಳ ಬಳಕೆಯ ನಂತರ

ಉಡುಪಿ ಮತ್ತು ಮಂಗಳೂರಿನ ಸುತ್ತಮುತ್ತ ಅಳಿದುಹೋದ ದಾರಿಗಳನ್ನು, ದೋಣಿಯಲ್ಲಿ ನದಿ ದಾಟುವ ಕಡವುಗಳನ್ನು, ಮದಗ ಎಂಬ ಕೆರೆಗಳನ್ನು ಹುಡುಕಿಕೊಂಡು ಹೋಗಲು ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಭೂನಕ್ಷೆಗಳನ್ನು, ಅಂದರೆ ಸಾಮಾನ್ಯವಾಗಿ ಟೋಪೋಶೀಟ್ ಎಂದು ಕರೆಯುವ ಹಾಳೆಗಳನ್ನು, ನಾನು ಐದು ವರ್ಷಗಳಿಂದ ಬಳಸುತ್ತಿದ್ದೇನೆ. ನೆಲದ ಏರುತಗ್ಗು, ನೀರು, ಕಾಲುದಾರಿ ಈ ಮೂರರ ವಿಚಾರದಲ್ಲಿ ಇವುಗಳಷ್ಟು ನಂಬಬಹುದಾದ ಸಾಕ್ಷಿ ನನಗೆ ಬೇರೆ ಸಿಕ್ಕಿಲ್ಲ. ಊರಿನ ಹೆಸರುಗಳ ವಿಚಾರದಲ್ಲಿ ಮಾತ್ರ ಇವು ಕೈಕೊಡುತ್ತವೆ.

ನಾನು ಆರಂಭಿಸಿದ್ದು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯವು ಉಚಿತವಾಗಿ ಒದಗಿಸಿರುವ, 1950ರ ದಶಕದಲ್ಲಿ ಅಮೆರಿಕದ ಸೇನಾ ನಕ್ಷೆ ವಿಭಾಗವು ಸಿದ್ಧಪಡಿಸಿದ ಯು502 ಸರಣಿಯಿಂದ. ಅದರ ಪ್ರಮಾಣ 1:2,50,000. ಎಂದರೆ ಒಂದು ಸೆಂಟಿಮೀಟರಿನಲ್ಲಿ ಎರಡೂವರೆ ಕಿಲೋಮೀಟರ್ ಅಡಗಿರುತ್ತದೆ. ಮಂಗಳೂರಿನ ಉತ್ತರಕ್ಕೆ ರೈಲು ಹಳಿಯೇ ಇಲ್ಲದ, ಪಣಂಬೂರಿನಲ್ಲಿ ಬಂದರಿಲ್ಲದ ಕರಾವಳಿಯನ್ನು ಒಮ್ಮೆಗೇ ಕಣ್ಣಿಗೆ ತರಲು ಅದು ಸಾಕು, ಆದರೆ ಒಂದು ಕೆರೆಯನ್ನು ಹುಡುಕಲು ಸಾಲದು. ಅದಕ್ಕೆ ಇಂಚಿಗೆ ಒಂದು ಮೈಲಿಯ, ಅಂದರೆ 1:63,360 ಪ್ರಮಾಣದ ಹಾಳೆಗಳೇ ಬೇಕು. ಕರಾವಳಿಯ ಹಾಳೆಗಳ ಮೇಲೆ ‘ನಿರ್ಬಂಧಿತ’ ಎಂಬ ಮುದ್ರೆಯಿದ್ದ ಕಾಲವೊಂದಿತ್ತು. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಜನಬಳಕೆಗೆಂದೇ ಪ್ರತ್ಯೇಕ ಸರಣಿ ಬಂದಿತು. ಇಲಾಖೆಯ ಜಾಲತಾಣದಿಂದ ಇಳಿಸಿಕೊಂಡ ಆ ಹೊಸ 1:50,000 ಹಾಳೆಯನ್ನು ಹಳೆಯದರ ಪಕ್ಕದಲ್ಲಿ ಹರಡಿಕೊಂಡು ಕೂರುವುದು ನನ್ನ ಕ್ರಮ.

ಹಾಳೆಯ ಸಂಖ್ಯೆಯನ್ನು ಅರಿತುಕೊಂಡರೆ ಅರ್ಧ ಕೆಲಸ ಮುಗಿದಂತೆ. ಮಂಗಳೂರು ನಗರವು 48 ಎಲ್/13ರಲ್ಲಿ ಬರುತ್ತದೆ. ಉಡುಪಿಯವರ ಅದೃಷ್ಟ ಅಷ್ಟು ಚೆನ್ನಾಗಿಲ್ಲ: ಎರಡು ಹಾಳೆಗಳ ಅಂಚಾದ ಪೂರ್ವ ರೇಖಾಂಶ 74 ಡಿಗ್ರಿ 45 ಮಿನಿಟಿನ ಗೆರೆ ಪಟ್ಟಣದ ಮೇಲೆಯೇ ಹಾದುಹೋಗುವುದರಿಂದ ಮಲ್ಪೆ 48 ಕೆ/11ರಲ್ಲೂ ಮಣಿಪಾಲ 48 ಕೆ/15ರಲ್ಲೂ ಸಿಗುತ್ತವೆ. ಮಲ್ಪೆಯಿಂದ ಮಣಿಪಾಲಕ್ಕೆ ಹೋಗುವ ದಾರಿಯನ್ನು ನೋಡಬೇಕಾದರೆ ಎರಡು ಹಾಳೆಗಳನ್ನು ಅಂಟಿಸಲೇಬೇಕು.

ಈ ಹಾಳೆಗಳ ನಿಜವಾದ ಬೆಲೆ ನನಗೆ ತಿಳಿದದ್ದು ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಕಂದು ಬಣ್ಣದ ಸಮೋನ್ನತಿ ರೇಖೆಗಳನ್ನು ನಮ್ಮ ಸ್ಥಳನಾಮಗಳ ಜೊತೆಗಿಟ್ಟು ಓದಲು ಕಲಿತ ಮೇಲೆ. ಪದವು ಎಂದು ಹೆಸರಿರುವ ಕಡೆ ಕಂದು ಗೆರೆಗಳು ಅಂಚಿನಲ್ಲಿ ಒತ್ತಾಗಿ ಬಂದು ಮಧ್ಯದಲ್ಲಿ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಬಯಲು ಖಾಲಿಯಾಗಿ ಉಳಿಯುತ್ತದೆ. ಬೈಲು ಎಂದಿರುವ ಕಡೆ ಎರಡು ಗುಡ್ಡಗಳ ನಡುವೆ ಗದ್ದೆಯ ಹಳದಿ ಪಟ್ಟಿ ಬಳುಕಿಕೊಂಡು ಹೋಗುತ್ತದೆ. ಕುದ್ರು ಎಂದರೆ ಸುತ್ತಲೂ ನೀಲಿ. ಕೆಮ್ಮಣ್ಣಿನ ತೂಗುಸೇತುವೆಗೆ ಹೋಗುವವರು ತಿಮ್ಮಣ್ಣಕುದ್ರುವನ್ನು ಒಂದು ಪ್ರವಾಸಿ ತಾಣವೆಂದಷ್ಟೇ ನೋಡುತ್ತಾರೆ. ಹಾಳೆಯನ್ನು ಬಿಡಿಸಿದರೆ ಸ್ವರ್ಣಾ ನದಿಯು ಸಮುದ್ರ ಸೇರುವ ಮೊದಲು ಎಷ್ಟು ಕವಲೊಡೆದು ಎಷ್ಟು ಕುದ್ರುಗಳನ್ನು ಬಿಟ್ಟುಹೋಗಿದೆ ಎಂಬುದು ಕಾಣುತ್ತದೆ, ದೋಣಿಯಿಲ್ಲದೆ ಅಲ್ಲಿ ಬದುಕು ಸಾಗುತ್ತಿರಲಿಲ್ಲ ಎಂಬುದೂ ಅರ್ಥವಾಗುತ್ತದೆ.

ಅದೇ ನದಿಯ ದಂಡೆಯಲ್ಲಿ ನನಗಾದ ಒಂದು ಅನುಭವವನ್ನು ಹೇಳಬೇಕು. ಹಳೆಯ ಹಾಳೆಯಲ್ಲಿ ಚುಕ್ಕಿಗೆರೆಯ ಕಾಲುದಾರಿಯೊಂದು ಗದ್ದೆಗಳನ್ನು ದಾಟಿ ನೇರವಾಗಿ ನೀರಿನ ಅಂಚಿಗೆ ಬಂದು ನಿಂತು, ಎದುರು ದಂಡೆಯಲ್ಲಿ ಮತ್ತೆ ಶುರುವಾಗುತ್ತಿತ್ತು. ಇಂದಿನ ಉಪಗ್ರಹ ಚಿತ್ರದಲ್ಲಿ ಅಲ್ಲಿ ತೆಂಗಿನ ತೋಟವಲ್ಲದೆ ಬೇರೇನೂ ಕಾಣದು. ಹೋಗಿ ನೋಡಿದಾಗ ತೋಟದ ಕೊನೆಯಲ್ಲಿ, ಕೇದಗೆಯ ಪೊದೆಯ ಹಿಂದೆ, ಸವೆದು ನುಣುಪಾದ ಐದು ಮುರಕಲ್ಲಿನ ಮೆಟ್ಟಿಲುಗಳು ನೀರಿಗೆ ಇಳಿಯುತ್ತಿದ್ದವು. ಕೆಳಗಿನ ಎರಡರ ಮೇಲೆ ಮಳಿ ಚಿಪ್ಪುಗಳು ಅಂಟಿಕೊಂಡಿದ್ದವು. ತೋಟದ ಯಜಮಾನರಾದ ಹಿರಿಯರೊಬ್ಬರು, ‘ಕಡವು ಇದ್ದದ್ದು ಅಲ್ಲಿಯೇ ಮಾರಾಯ್ರೇ, ನಾವು ಶಾಲೆಗೆ ಹೋದದ್ದೂ ಅದರಲ್ಲಿಯೇ’ ಎಂದು ಹೇಳಿ, ತಮ್ಮ ಮನೆಯ ಹಿಂದಿನ ಓಣಿಗೆ ಈಗಲೂ ತುಳುವಿನಲ್ಲಿ ‘ಕಡಪುದ ಸಾದಿ’ ಎಂದೇ ಹೆಸರು ಎಂದರು. ಸೇತುವೆಗಳು ಬರುವ ಮೊದಲು ನಮ್ಮ ಕರಾವಳಿಯ ದಾರಿಗಳೆಲ್ಲ ನದಿ ನದಿಗೂ ತುಂಡಾಗುತ್ತಿದ್ದವು ಎಂಬುದನ್ನು ನಾನು ಓದಿ ತಿಳಿದಿದ್ದೆ. ಆ ಮೆಟ್ಟಿಲಿನ ಮೇಲೆ ನಿಂತಾಗ ಅದು ಬೇರೆಯೇ ರೀತಿಯಲ್ಲಿ ತಿಳಿಯಿತು.

ಇನ್ನು ದೂರುಗಳು. ಹಳೆಯ ಹಾಳೆಯನ್ನು ಮೊಬೈಲಿನ ನಕ್ಷೆಯ ಮೇಲೆ ಹೊದಿಸಿ ತೋರಿಸುವ ಆಪ್ ಒಂದಕ್ಕೆ ನಾನು ವರ್ಷದ ಚಂದಾ ಕಟ್ಟಿದ್ದೆ. ಅದು ಹೇಳಿದ ಜಾಗದಲ್ಲಿ ನಾಗಬನದ ಬದಲು ಯಾರದ್ದೋ ದನದ ಕೊಟ್ಟಿಗೆ ಸಿಕ್ಕಿತು. ಹಳೆಯ ಹಾಳೆಗಳು ಎವರೆಸ್ಟ್ ಗೋಲಾಭವೆಂಬ, ಭೂಮಿಯ ಆಕಾರದ ಹಳೆಯ ಲೆಕ್ಕದ ಮಾದರಿಯನ್ನು ಆಧರಿಸಿದವು, ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಎಂಬ ಬೇರೆ ಮಾದರಿಯನ್ನು. ಈ ಪರಿವರ್ತನೆಯನ್ನು ಮಾಡದಿದ್ದರೆ ನಮ್ಮ ಭಾಗದಲ್ಲಿ ನೂರಿನ್ನೂರು ಮೀಟರಿನ ವ್ಯತ್ಯಾಸ ಬರುತ್ತದೆ. ಎರಡು ಬಾರಿ ಬರೆದರೂ ಉತ್ತರ ಬರಲಿಲ್ಲ, ಚಂದಾ ಹಣವೂ ಬರಲಿಲ್ಲ. ಈಗ ಉಚಿತ ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಹಾಳೆಯ ನಾಲ್ಕು ಮೂಲೆಗಳ ಅಕ್ಷಾಂಶ ರೇಖಾಂಶಗಳನ್ನು ಕೊಟ್ಟು ನಾನೇ ಕೂರಿಸಿಕೊಳ್ಳುತ್ತೇನೆ. ಕಲಿಯಲು ಎರಡು ಭಾನುವಾರ ಹಿಡಿಯಿತು.

ಹೆಸರುಗಳ ತೊಂದರೆ ಬೇರೆಯದು. ದಕ್ಷಿಣ ಕನ್ನಡವು 1956ರವರೆಗೆ ಮದ್ರಾಸಿಗೆ ಸೇರಿತ್ತು. ಅಂದಿನ ಹಾಳೆಗಳ ರೋಮನ್ ಲಿಪಿಯಲ್ಲಿ ಕಾರ್ಕಳ, ಬಂಟ್ವಾಳಗಳ ‘ಳ’ ಮತ್ತು ‘ಲ’ ಒಂದೇ ಆಗುತ್ತವೆ, ಹ್ರಸ್ವ ದೀರ್ಘಗಳ ವ್ಯತ್ಯಾಸ ಉಳಿಯುವುದಿಲ್ಲ. ದೊಡ್ಡ ಊರುಗಳಾದರೆ ಸರಿ, ಮಜಲು, ಬೆಟ್ಟು ಎಂದು ಕೊನೆಯಾಗುವ ಸಣ್ಣ ಜಾಗಗಳ ಹೆಸರನ್ನು ಸ್ಥಳದಲ್ಲಿ ಬಾಯಿಬಿಟ್ಟು ಕೇಳದೆ ಬರೆದುಕೊಂಡರೆ ತಪ್ಪುವುದು ಖಂಡಿತ.

ಕೊಳ್ಳುವವರು ಅಥವಾ ಇಳಿಸಿಕೊಳ್ಳುವವರು ಮುದ್ರಣದ ವರ್ಷವನ್ನು ನೋಡಿ ಮೋಸಹೋಗಬಾರದು. ಅಂಚಿನಲ್ಲಿ ಸಣ್ಣದಾಗಿ ಬರೆದಿರುವ ಸಮೀಕ್ಷೆಯ ವರ್ಷವೇ ಮುಖ್ಯ. ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾಯಿತು. ಅದರ ನಂತರ ಅಚ್ಚಾದ ಹಾಳೆಯೂ ಹಿಂದಿನ ಸಮೀಕ್ಷೆಯದ್ದೇ ಆಗಿದ್ದರೆ ಅದರಲ್ಲಿ ಪಣಂಬೂರು ಇನ್ನೂ ಗದ್ದೆ, ತೆಂಗಿನ ಸಾಲು, ಮರಳ ದಂಡೆಯ ಊರಾಗಿಯೇ ಇರುತ್ತದೆ.