ಸೊಂಟದ ಕೋಳಿ ಕಂಡ ದಿನ: ಉಚಿತ ಮ್ಯೂಸಿಯಂ ತಾಣಗಳ ಜೊತೆ ಐದು ವರ್ಷ

ಕೊರೊನಾದಿಂದ ಶಾಲೆಗಳು ಮುಚ್ಚಿದ್ದ 2020ರ ಆಗಸ್ಟ್‌ನಲ್ಲಿ, ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮ ಶುರುವಾದಾಗ ಸಾಗರ ತಾಲ್ಲೂಕಿನ ನಮ್ಮ ಪ್ರೌಢಶಾಲೆಯ ಮಕ್ಕಳಿಗೆ ನಾನು ಚಿತ್ರಕಲೆ ಕಲಿಸಿದ್ದು ಊರೂರಿನ ಜಗಲಿಗಳಲ್ಲಿ. ಬಣ್ಣಗಳೆಲ್ಲ ಶಾಲೆಯ ಬೀರುವಿನಲ್ಲಿದ್ದವು, ನನ್ನ ಕೈಯಲ್ಲಿದ್ದದ್ದು ಒಂದು ಮೊಬೈಲ್ ಮಾತ್ರ. ಆ ಮಳೆಗಾಲದಲ್ಲಿ ಹಿಡಿದ ಉಚಿತ ಮ್ಯೂಸಿಯಂ ಜಾಲತಾಣಗಳನ್ನು ಇಂದಿಗೂ ಬಿಟ್ಟಿಲ್ಲ.

ಕುಳಿತಲ್ಲೇ ಮ್ಯೂಸಿಯಂ ಒಳಗೆ ಓಡಾಡಿಸುವ 360 ಡಿಗ್ರಿ ಪ್ರವಾಸಗಳನ್ನು ಎಲ್ಲರೂ ಹೊಗಳುತ್ತಾರೆ. ನಮ್ಮ ಗುಡ್ಡದ ಸಿಗ್ನಲ್‌ಗೆ ಅವು ಒಗ್ಗಲಿಲ್ಲ, ಎರಡೇ ವಾರಕ್ಕೆ ಕೈಬಿಟ್ಟೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಚಿತ್ರವನ್ನು ಹಿಗ್ಗಿಸಿ ನೋಡುವ ಸೌಲಭ್ಯ.

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ 2022ರ ಜನವರಿಯಲ್ಲಿ ಹದಿನೇಳನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್ ನಗರದ ಕೋವಿಪಡೆಯೊಂದನ್ನು ಬರೆದ 'ನೈಟ್ ವಾಚ್' ಚಿತ್ರದ 717 ಗಿಗಾಪಿಕ್ಸೆಲ್ (71,700 ಕೋಟಿ ಚುಕ್ಕಿಗಳ) ಛಾಯಾಚಿತ್ರವನ್ನು ಎಲ್ಲರಿಗೂ ತೆರೆದಿಟ್ಟಿತು. 8,439 ಫೋಟೊಗಳನ್ನು ಹೊಲಿದು ಮಾಡಿದ ಒಂದೇ ಚಿತ್ರ ಅದು. ಅಷ್ಟು ದೊಡ್ಡದು ನಮ್ಮೂರಿನಲ್ಲಿ ತೆರೆದುಕೊಳ್ಳುವುದುಂಟೇ ಎಂದುಕೊಂಡಿದ್ದೆ. ತೆರೆದುಕೊಂಡಿತು. ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿಟ್ಟಿರುತ್ತಾರೆ, ನಾವು ನೋಡುತ್ತಿರುವ ಜಾಗದ ಚೌಕಗಳಷ್ಟೇ ಇಳಿದು ಬರುತ್ತವೆ. ಮೊದಲು ಮಂಜು ಕವಿದಂತೆ ಮಸುಕು, ಆಮೇಲೆ ಒಂದೊಂದೇ ಚೌಕ ತಿಳಿಯಾಗುತ್ತದೆ. ಆ ಕಾಯುವಿಕೆಯಲ್ಲಿ ಮಕ್ಕಳ ಉಸಿರೂ ನಿಂತಿರುತ್ತದೆ.

"ಟೀಚರ್, ಆ ಹುಡುಗಿಯ ಸೊಂಟದಲ್ಲಿ ಕೋಳಿ!" ಎಂದು ಎಂಟನೇ ತರಗತಿಯವಳೊಬ್ಬಳು ಕೂಗಿದಳು. ನಿಜ. ಹೊಂಬಣ್ಣದ ಉಡುಪಿನ ಪುಟ್ಟ ಹುಡುಗಿಯ ಸೊಂಟಪಟ್ಟಿಗೆ ಸತ್ತ ಕೋಳಿಯೊಂದು ತಲೆಕೆಳಗಾಗಿ ತೂಗುತ್ತಿದೆ. ಆ ಕೋವಿಪಡೆಯ ಗುರುತೇ ಪಕ್ಷಿಯ ಉಗುರು, ಅದಕ್ಕಾಗಿ ಆ ಕಾಲುಗಳನ್ನು ರೆಂಬ್ರಾಂಟ್ ಅಷ್ಟು ಸ್ಪಷ್ಟವಾಗಿ ಬರೆದಿದ್ದಾನೆ. ಇಪ್ಪತ್ತು ವರ್ಷ ಪುಸ್ತಕದ ಅಂಗೈಯಗಲದ ಮುದ್ರಣ ತೋರಿಸಿ ಪಾಠ ಮಾಡಿದವಳು ನಾನು. ಆ ಕೋಳಿ ನನಗೆ ಒಮ್ಮೆಯೂ ಕಂಡಿರಲಿಲ್ಲ. ಅಂದು ಮನೆಗೆ ನಡೆದು ಹೋಗುವಾಗ ಕಣ್ಣು ತುಂಬಿ ಬಂದಿತ್ತು.

ಈಗ ಇದು ನನ್ನ ಶನಿವಾರದ ಕೆಲಸ. ಊಟವಾದ ಮೇಲೆ ಅಟ್ಟದ ಕಿಟಕಿಯ ಬಳಿ ಕೂರುತ್ತೇನೆ, ಮನೆಯಲ್ಲಿ ಸಿಗ್ನಲ್ ನಿಲ್ಲುವುದು ಅಲ್ಲಿ ಮಾತ್ರ. ದಿನದ ಡೇಟಾದಲ್ಲಿ ಮಿಕ್ಕಿದ್ದು ಎಷ್ಟೆಂದು ನೋಡಿ ಒಂದೋ ಎರಡೋ ಚಿತ್ರ ಇಳಿಸಿಕೊಳ್ಳುತ್ತೇನೆ. ಕೆಳಗೆ ಜಗಲಿಯಲ್ಲಿ ಅಡಿಕೆ ಸುಲಿಯುವವರ ಮಾತು ಕೇಳುತ್ತಿರುತ್ತದೆ. ಇಂಗ್ಲಿಷ್ ವಿವರಣೆಯನ್ನು ಓದಿ, ಮಕ್ಕಳಿಗೆ ಹೇಳಬೇಕಾದಷ್ಟನ್ನು ಕನ್ನಡದಲ್ಲಿ ನೋಟ್ ಪುಸ್ತಕಕ್ಕೆ ಬರೆದುಕೊಳ್ಳುತ್ತೇನೆ. ಅಂಥ ನಾಲ್ಕು ಪುಸ್ತಕಗಳು ತುಂಬಿವೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಸತ್ತಂತೆಯೇ, ಹಾಗಾಗಿ ಇಳಿಸಿಕೊಂಡದ್ದೇ ನಮ್ಮ ಪಾಲಿನ ಮ್ಯೂಸಿಯಂ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರ ಫೆಬ್ರವರಿಯಲ್ಲಿ 3,75,000 ಚಿತ್ರಗಳನ್ನು ಯಾರು ಹೇಗೆ ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಅವನ್ನು ಸಾಗರದ ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ಹಾಕಿಸುವಾಗ ನನಗೆ ಯಾವ ಅಳುಕೂ ಇಲ್ಲ.

ಅಮೆರಿಕದ ಕ್ಲೀವ್‌ಲ್ಯಾಂಡ್ ಮ್ಯೂಸಿಯಂನಿಂದ ಇಳಿಸಿದ ಒಂದು ಪ್ರಿಂಟ್ ತರಗತಿಯ ಗೋಡೆಯಲ್ಲಿದೆ. ಅದು ರೆಂಬ್ರಾಂಟ್ ಬರೆದ ಷಹಜಹಾನನ ರೇಖಾಚಿತ್ರ. ರೆಂಬ್ರಾಂಟ್ ಭಾರತಕ್ಕೆ ಬಂದವನಲ್ಲ. ವ್ಯಾಪಾರದ ಹಡಗುಗಳಲ್ಲಿ ಹಾಲೆಂಡಿಗೆ ಹೋದ ಮೊಘಲ್ ಕಿರುಚಿತ್ರಗಳನ್ನು ಎದುರಿಗಿಟ್ಟುಕೊಂಡು 1656ರಿಂದ 1661ರ ನಡುವೆ ನಕಲು ಮಾಡಿ ಕಲಿತ. ನಕಲು ಮಾಡಿದರೆ ತಪ್ಪೇ ಎಂದು ಕೇಳುವ ಮಕ್ಕಳಿಗೆ ನಾನು ಅದನ್ನೇ ತೋರಿಸುತ್ತೇನೆ.

ಇಷ್ಟೆಲ್ಲ ಸಿಕ್ಕ ಮೇಲೆ ನಮ್ಮದೇ ಶಿಲ್ಪಗಳನ್ನು ಹುಡುಕಲು ಹೋದಾಗ ಆದ ನೋವು ಇನ್ನೂ ಹೋಗಿಲ್ಲ. ನಮ್ಮ ದೇಶದ ಒಂದು ಮ್ಯೂಸಿಯಂ ತಾಣದಲ್ಲಿ ಚಿತ್ರ ಅಂಚೆಚೀಟಿಯಷ್ಟೇ ಇತ್ತು, ಹಿಗ್ಗಿಸಿದರೆ ಬರೀ ಚುಕ್ಕಿಗಳು. ದೇವಿಯ ಮುಖದ ಮೇಲೆಯೇ ಸಂಸ್ಥೆಯ ಹೆಸರಿನ ಮುದ್ರೆ ಒತ್ತಿದ್ದರು. ಎರಡು ಸಲ ಪತ್ರ ಬರೆದೆ, ಉತ್ತರವಿಲ್ಲ. ಹಾಲೆಂಡಿನ ಕೋಳಿಯ ಉಗುರು ಕಾಣುವ ನನ್ನ ಮಕ್ಕಳಿಗೆ ಕನ್ನಡ ನಾಡಿನ ದೇವಿಯ ಮುಖವೂ ಕಾಣದು. ಕೆಳದಿಗೆ, ಬಳ್ಳಿಗಾವಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಬಲ್ಲೆ, ಹೋಗಿದ್ದೇನೆ ಕೂಡ. ದೂರದ ಊರಿನ ಗಾಜಿನ ಕಪಾಟಿನಲ್ಲಿರುವುದನ್ನು ಹೇಗೆ ತೋರಿಸಲಿ?

ಶಿಕ್ಷಕರಿಗೆ ನನ್ನ ಸಲಹೆ ಇಷ್ಟೇ: ಒಂದು ತಿಂಗಳಿಗೆ ಒಂದೇ ಚಿತ್ರ ಸಾಕು, ಮೊದಲು ಹೆಸರು, ಇಸವಿ ಹೇಳಬೇಡಿ, ಮಕ್ಕಳೇ ಹಿಗ್ಗಿಸಿ ಹುಡುಕಲಿ.

ಕಳೆದ ಬೇಸಿಗೆಯಲ್ಲಿ ಅದೇ ಚೌಕಗಳ ಉಪಾಯವನ್ನು ನಾವೂ ಮಾಡಿ ನೋಡಿದೆವು. ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಮದುವೆಗೆಂದು ಬರೆದ ಹಸೆ ಗೋಡೆ ಚಿತ್ತಾರ ಇನ್ನೂ ಉಳಿದಿದೆ. ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆಗಳು, ಪುಂಡಿ ನಾರಿನ ಕುಂಚದಲ್ಲಿ ಅವಳ ಅಜ್ಜಿ ಎಳೆದವು. ಗೋಡೆಗೆ ದಾರ ಕಟ್ಟಿ 48 ಚೌಕ ಮಾಡಿ, ಒಂದೊಂದನ್ನೂ ಹತ್ತಿರದಿಂದ ಫೋಟೊ ತೆಗೆದು ಶಾಲೆಯ ಕಂಪ್ಯೂಟರಿನಲ್ಲಿ ಜೋಡಿಸಿದೆವು. ಒಂದು ಮೂಲೆ ಮಳೆನೀರಿಗೆ ಮೊದಲೇ ಅಳಿಸಿತ್ತು, ಅಲ್ಲಿ ಐದು ಚೌಕಗಳಲ್ಲಿ ಬರೀ ಕೆಂಪು.

ಅಜ್ಜಿಗೆ ಮೊಬೈಲಿನಲ್ಲಿ ತೋರಿಸಿದೆ. ಬೆರಳಿನಿಂದ ಹಿಗ್ಗಿಸುವುದನ್ನು ಒಂದೇ ಸಲಕ್ಕೆ ಕಲಿತರು. ಬಹಳ ಹೊತ್ತು ನೋಡಿ, "ಇಲ್ಲೊಂದು ಎಳೆ ತಪ್ಪಿದೆ" ಎಂದರು. ಆಮೇಲೆ ಆ ಕೆಂಪು ಮೂಲೆಗೆ ಬಂದು ನಿಂತರು. ಮೊಮ್ಮಗಳನ್ನು ಕರೆದು, ರಾತ್ರಿಗೆ ಎರಡು ಹಿಡಿ ಅಕ್ಕಿ ನೆನೆಹಾಕು ಎಂದರು.