ಕೆಂಗೇರಿಗೆ ಮನೆ ಬದಲಿಸಿದವರ ಲೆಕ್ಕ: ನೇರಳೆ ಮಾರ್ಗ, ವೃಷಭಾವತಿ ಮತ್ತು ಎರಡು ಬಾಡಿಗೆ ಮನೆಗಳು

ಬಸವನಗುಡಿಯ ಒಂದು ಬೆಡ್‌ರೂಮಿನ ಬಾಡಿಗೆ ಮನೆ ಖಾಲಿ ಮಾಡಿ ನಾನು ಮತ್ತು ಅಮ್ಮ ಕೆಂಗೇರಿಗೆ ಬಂದದ್ದು 2022ರ ಜೂನ್‌ನಲ್ಲಿ. ಅಲ್ಲಿ ಕೊಡುತ್ತಿದ್ದ ಬಾಡಿಗೆಗೇ ಇಲ್ಲಿ ಎರಡು ಬೆಡ್‌ರೂಮ್, ಗಾಳಿ ಬೆಳಕು ಇರುವ ಅಡುಗೆಮನೆ ಮತ್ತು ಹಪ್ಪಳ ಸಂಡಿಗೆ ಒಣಗಿಸಲು ತಾರಸಿ ಸಿಕ್ಕವು. ಅಂದಿನಿಂದ ಆಫೀಸಿನಲ್ಲಿ ಯಾರಿಗಾದರೂ ಮನೆ ಬದಲಿಸುವ ಯೋಚನೆ ಬಂದರೆ ಕೆಂಗೇರಿ ಹೇಗಿದೆ ಎಂದು ನನ್ನನ್ನೇ ಕೇಳುತ್ತಾರೆ. ಒಂದೇ ಮಾತಿನಲ್ಲಿ ಉತ್ತರ ಹೇಳಲು ನನಗೆ ಇನ್ನೂ ಆಗಿಲ್ಲ, ಏಕೆಂದರೆ ಉತ್ತರವು ಕೇಳುವವರ ಕೆಲಸದ ಜಾಗ ಯಾವುದು ಮತ್ತು ಅವರು ನೋಡಿರುವ ಮನೆ ಯಾವ ಬೀದಿಯಲ್ಲಿದೆ ಎಂಬ ಎರಡು ಸಂಗತಿಗಳ ಮೇಲೆ ಸಂಪೂರ್ಣವಾಗಿ ನಿಂತಿದೆ.

ಉಪನಗರವೆಂದರೆ ಬಯಲಿನಲ್ಲಿ ಏಕಾಏಕಿ ಎದ್ದ ಅಪಾರ್ಟ್‌ಮೆಂಟುಗಳ ಸಾಲು ಎಂದುಕೊಂಡು ಬರುವವರಿಗೆ ಕೆಂಗೇರಿ ಬೇರೆಯದೇ ರೀತಿಯಲ್ಲಿ ಕಾಣುತ್ತದೆ. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯು ಬೃಹತ್ ಆದಾಗ ಏಳು ನಗರಸಭೆಗಳು ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳ ಜೊತೆಗೆ ಸೇರಿದ ಒಂದೇ ಒಂದು ಪುರಸಭೆ ಕೆಂಗೇರಿಯದು. ಹೀಗೆ ಒಂದು ಕಾಲಕ್ಕೆ ತನ್ನದೇ ಆಡಳಿತವಿದ್ದ ಊರಾದ್ದರಿಂದ ಹಳೆಯ ಪೇಟೆ, ದೇವಸ್ಥಾನದ ಬೀದಿ, ಹೆಸರು ಹಿಡಿದು ಮಾತಾಡಿಸುವ ದಿನಸಿ ಅಂಗಡಿಯವರು ಇಲ್ಲಿ ಇಂದಿಗೂ ಇದ್ದಾರೆ. ಅಳತೆ ಮಾಡಿ ಸೈಟು ಹಾಕಿದ ಉಪನಗರದ ಬಡಾವಣೆ ಅದಕ್ಕೆ ತಾಗಿಕೊಂಡಿದೆ. ಹೊಸದಾಗಿ ಬಂದವರು ಹಾಲಿಗೆ, ಹೂವಿಗೆ, ಔಷಧಿಗೆ ಊರೆಲ್ಲ ಅಲೆಯಬೇಕಾಗಿಲ್ಲ.

ನಮ್ಮನ್ನು ಇಲ್ಲಿಗೆ ಕರೆತಂದದ್ದು ಮೆಟ್ರೊ. ಮೈಸೂರು ರಸ್ತೆ ನಿಲ್ದಾಣಕ್ಕೆ ನಿಂತುಹೋಗಿದ್ದ ನೇರಳೆ ಮಾರ್ಗವು 2021ರ ಆಗಸ್ಟ್ ಕೊನೆಯಲ್ಲಿ ಕೆಂಗೇರಿಯವರೆಗೆ ಬಂತು. 2023ರ ಅಕ್ಟೋಬರ್ 9ರಂದು ಒಂದು ತುದಿ ಚಲ್ಲಘಟ್ಟಕ್ಕೆ ಬೆಳೆದು, ಅದೇ ದಿನ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವಿನ ಕೊಂಡಿಯೂ ಕೂಡಿ, ವೈಟ್‌ಫೀಲ್ಡ್‌ವರೆಗೆ 43 ಕಿ.ಮೀ.ಗೂ ಹೆಚ್ಚಿನ ಒಂದೇ ಹಳಿಯಾಯಿತು. ನನ್ನ ಕಚೇರಿ ಕಬ್ಬನ್ ಪಾರ್ಕ್ ನಿಲ್ದಾಣದ ಬಳಿ ಇದೆ. ಬಸವನಗುಡಿ ನಕ್ಷೆಯಲ್ಲಿ ಎಷ್ಟೋ ಹತ್ತಿರವಿದ್ದರೂ, ಅಲ್ಲಿಂದ ಬಸ್ಸಿನಲ್ಲಿ ಹೋಗುವಾಗ ಕಾರ್ಪೊರೇಷನ್ ಬಳಿಯ ಸಿಗ್ನಲ್ಲುಗಳ ಕೃಪೆಯಿಂದ ಯಾವ ದಿನ ಎಷ್ಟು ಹೊತ್ತಿಗೆ ತಲುಪುತ್ತೇನೆಂಬುದು ನನಗೇ ತಿಳಿಯುತ್ತಿರಲಿಲ್ಲ. ಈಗ ಅರ್ಧ ಗಂಟೆಯಲ್ಲಿ ಮೆಜೆಸ್ಟಿಕ್, ಅಲ್ಲಿಂದ ಕೆಲವೇ ನಿಮಿಷಗಳಲ್ಲಿ ಕಬ್ಬನ್ ಪಾರ್ಕ್. ಬೆಳಿಗ್ಗೆ ಚಲ್ಲಘಟ್ಟದಿಂದ ಹೊರಟ ರೈಲಿಗೆ ಕೆಂಗೇರಿ ಮೊದಲ ನಿಲ್ದಾಣವಾದ್ದರಿಂದ ಬಹುತೇಕ ಸೀಟು ಸಿಗುತ್ತದೆ. ವಿಜಯನಗರದಲ್ಲಿ ಹತ್ತುವವರು ಬಾಗಿಲಿಗೆ ಒತ್ತಿಕೊಂಡು ನಿಂತಾಗ ಕುಳಿತು ಪತ್ರಿಕೆ ಓದುವ ಸುಖಕ್ಕೆ ಬೆಲೆ ಕಟ್ಟುವುದು ಕಷ್ಟ. ಸಂಜೆ ಇದೇ ಲೆಕ್ಕ ತಿರುಗುತ್ತದೆ, ಅತ್ತಿಗುಪ್ಪೆ ದಾಟುವವರೆಗೂ ನಿಂತೇ ಬರಬೇಕು.

ಆದರೆ ಬಾಡಿಗೆಯಲ್ಲಿ ಉಳಿದದ್ದೆಲ್ಲ ಕೈಯಲ್ಲಿಯೇ ಉಳಿಯುತ್ತದೆ ಎಂದು ಭಾವಿಸಬಾರದು. 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಪರಿಷ್ಕರಣೆಯಾಗಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು, ಮತ್ತು ಉಪನಗರದವರು ದೂರದ ಪ್ರಯಾಣಿಕರಾದ್ದರಿಂದ ಏರಿಕೆಯ ಪೆಟ್ಟು ಹೆಚ್ಚಾಗಿ ಬಿದ್ದದ್ದು ನಮಗೇ. ಸ್ಮಾರ್ಟ್ ಕಾರ್ಡಿನ ರಿಯಾಯಿತಿಯಿಂದ ಅದು ತುಂಬುವುದಿಲ್ಲ. ನಿಲ್ದಾಣದಿಂದ ಮನೆಗೆ ಹೋಗುವ ಖರ್ಚು ಇದಕ್ಕೆ ಸೇರಬೇಕು. 2025ರ ಆಗಸ್ಟ್‌ನಿಂದ ಆಟೊ ಕನಿಷ್ಠ ದರ ಮೊದಲ ಎರಡು ಕಿ.ಮೀ.ಗೆ 36 ರೂಪಾಯಿ ಎಂದು ನಿಗದಿಯಾಗಿದೆಯಾದರೂ, ಮಳೆ ಹನಿಯುವ ಸಂಜೆ ನಿಲ್ದಾಣದ ಮೆಟ್ಟಿಲ ಕೆಳಗೆ ಮೀಟರ್ ಹಾಕುತ್ತೇನೆಂದ ಚಾಲಕರು ನನಗೆ ಈವರೆಗೆ ಇಬ್ಬರು ಸಿಕ್ಕಿದ್ದಾರೆ. ಆದ್ದರಿಂದ ನಿಲ್ದಾಣಕ್ಕೆ ನಡೆದು ಹೋಗಬಹುದಾದ ಮನೆಗೆ ಬಾಡಿಗೆ ಸ್ವಲ್ಪ ಹೆಚ್ಚಾದರೂ ಕೊಡುವುದು ಲಾಭವೇ.

ಕೆಲಸದ ಜಾಗ ನೇರಳೆ ಮಾರ್ಗದ ಮೇಲಿಲ್ಲದವರಿಗೆ ನಾನು ಕೆಂಗೇರಿಯನ್ನು ಶಿಫಾರಸು ಮಾಡುವುದಿಲ್ಲ. ಉದಾಹರಣೆಗೆ ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬಂದಿದೆ ನಿಜ. ಆದರೆ ಇಲ್ಲಿಂದ ಹೊರಟವರು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ, ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಿ, ಊರಿನ ನಡುವಿಗೆ ಹೋಗಿ ಮತ್ತೆ ಹೊರಗೆ ಬರಬೇಕು. ನೈಸ್ ರಸ್ತೆ ಹಿಡಿದರೆ ದಾರಿ ನೇರ, ಆದರೆ ದಿನಕ್ಕೆ ಎರಡು ಸಲ ಟೋಲ್. ಅಲ್ಲಿ ದ್ವಿಚಕ್ರ ವಾಹನಕ್ಕೂ ವಿನಾಯಿತಿ ಇಲ್ಲ. ಹೆಬ್ಬಾಳದ ಕಡೆ ಕೆಲಸವಿರುವವರ ಮಾತಂತೂ ಬೇಡವೇ ಬೇಡ.

ಮೈಸೂರು, ಮಂಡ್ಯ, ರಾಮನಗರದ ಕಡೆ ಬೇರು ಇರುವವರಿಗೆ ಇದು ಬೇರೆಯೇ ಊರು. ರೈಲಿಗಾಗಿ ಮೆಜೆಸ್ಟಿಕ್‌ವರೆಗೆ ಹೋಗದೆ ಕೆಂಗೇರಿ ನಿಲ್ದಾಣದಲ್ಲಿಯೇ ಹತ್ತಬಹುದಾದ್ದರಿಂದ ಮಂಡ್ಯದಲ್ಲಿರುವ ಅಕ್ಕನ ಮನೆಗೆ ಅಮ್ಮ ಈಗ ಒಬ್ಬರೇ ಹೋಗಿ ಬರುತ್ತಾರೆ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯು 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಮೇಲೆ ಕಾರು ಇರುವವರಿಗೂ ಅನುಕೂಲವಾಗಿದೆ. ಅದರ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್‌ನಿಂದ ಬೈಕಿಗೆ ಪ್ರವೇಶವಿಲ್ಲದ್ದರಿಂದ ನನ್ನ ಸ್ಕೂಟರ್ ಸರ್ವಿಸ್ ರಸ್ತೆಯಲ್ಲಿಯೇ ಓಡುತ್ತದೆ. ಶುಕ್ರವಾರ ಸಂಜೆ ಇಡೀ ಬೆಂಗಳೂರೇ ಮೈಸೂರಿಗೆ ಹೊರಟಂತೆ ನಮ್ಮ ಮುಂದಿನ ರಸ್ತೆ ಕಟ್ಟಿಕೊಳ್ಳುವುದನ್ನು ಮಾತ್ರ ಸಹಿಸಿಕೊಳ್ಳಬೇಕು.

ಇನ್ನು ವೃಷಭಾವತಿಯ ವಿಷಯ. ಮೊದಲ ಮನೆಯನ್ನು ದಲ್ಲಾಳಿಯೊಬ್ಬರು ನಮಗೆ ತೋರಿಸಿದ್ದು ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಒಳ್ಳೆಯ ಬಿಸಿಲು ಗಾಳಿ ಇದ್ದಾಗ. ಹಾಲು ಉಕ್ಕಿಸಿದ ಮೂರನೆಯ ಸಂಜೆ ಗಾಳಿ ನಿಂತಿತು. ದೀಪ ಹಚ್ಚುತ್ತಿದ್ದ ಅಮ್ಮ ಊದುಬತ್ತಿಯನ್ನು ಕೈಯಲ್ಲಿಯೇ ಹಿಡಿದು, ಬಚ್ಚಲಿನ ಮುಚ್ಚಳ ತೆರೆದಿದೆಯೇ ನೋಡು ಎಂದರು. ಮುಚ್ಚಳ ಮುಚ್ಚಿಯೇ ಇತ್ತು. ಎರಡು ಬೀದಿಯಾಚೆ ಹರಿಯುತ್ತಿದ್ದ ನದಿಯ ವಾಸನೆ ಕಿಟಕಿಯಿಂದ ಬರುತ್ತಿತ್ತು. ಮಳೆಯ ಮರುದಿನ ಸೇತುವೆಯ ಮೇಲಿಂದ ನೋಡಿದರೆ ಕಪ್ಪು ನೀರಿನ ಮೇಲೆ ಸೋಪಿನ ಬುರುಗಿನಂಥ ನೊರೆ ತೇಲುತ್ತಿತ್ತು. ಬಸವನಗುಡಿಯ ದೊಡ್ಡ ಬಸವನ ಬಳಿ ಹುಟ್ಟುತ್ತದೆಂದು ಹೇಳುವ ಈ ನದಿ ಮೈಸೂರು ರಸ್ತೆಯುದ್ದಕ್ಕೂ ನಗರದ ಕೊಳಚೆಯನ್ನು ತುಂಬಿಕೊಂಡು, ಕೆಂಗೇರಿ, ಬಿಡದಿ, ಬೈರಮಂಗಲದ ಕೆರೆ ದಾಟಿ ಅರ್ಕಾವತಿಯನ್ನು ಸೇರುತ್ತದೆ. ದಾರಿಯಲ್ಲಿ ನಾಯಂಡಹಳ್ಳಿಯ ಬಳಿ ಶುದ್ಧೀಕರಣ ಘಟಕವಿದ್ದರೂ ಹರಿದು ಬರುವುದೆಲ್ಲ ಅದರ ಮೂಲಕ ಬರುವುದಿಲ್ಲ ಎಂಬುದಕ್ಕೆ ನಮ್ಮ ಮೂಗೇ ಸಾಕ್ಷಿ. ಇಪ್ಪತ್ತು ವರ್ಷ ನಾವು ಬಸವನಗುಡಿಯ ಬಚ್ಚಲಿನಿಂದ ಕಳಿಸಿದ್ದೇ ಇಲ್ಲಿ ಬಂದು ನಮ್ಮ ಬಾಗಿಲು ತಟ್ಟುತ್ತಿದೆ ಎಂದು ಅರಿವಾದ ಮೇಲೆ ದೂರಲು ನನಗೆ ಬಾಯಿ ಬರಲಿಲ್ಲ. ಅಮ್ಮ ಮಾತ್ರ ದಿನವೂ ದೂರಿದರು.

ನೀರಿನ ಸಂಗತಿಯನ್ನು ಬೀದಿ ನೋಡಿ ಅಲ್ಲ, ಮನೆ ನೋಡಿಯೇ ತಿಳಿಯಬೇಕು. ಮೊದಲ ಮನೆಯಲ್ಲಿ ಇದ್ದದ್ದು ಬೋರ್‌ವೆಲ್ ಮಾತ್ರ. ಆ ನೀರಿನಲ್ಲಿ ತೊಗರಿಬೇಳೆ ಬೇಯಲು ಎರಡು ಸೀಟಿ ಹೆಚ್ಚು ಬೇಕಾಗುತ್ತಿತ್ತು, ನೀರು ಕಾಯಿಸುವ ಪಾತ್ರೆಯ ಒಳಗೆ ಸುಣ್ಣ ಬಳಿದಂತೆ ಬಿಳಿಯ ಪದರ ಕೂರುತ್ತಿತ್ತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಸಾಲು ನಿಂತದ್ದನ್ನು ಎಲ್ಲರೂ ಕಂಡಿದ್ದಾರೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತಾದರೂ, ಕೊಳವೆ ಬೀದಿಗೆ ಬಂದ ಮಾತ್ರಕ್ಕೆ ನೀರು ನಲ್ಲಿಗೆ ಬಂದಂತಲ್ಲ. ಮಾಲೀಕರು ಸಂಪರ್ಕ ಪಡೆದಿದ್ದಾರೆಯೇ ಎಂದು ನೀರಿನ ಬಿಲ್ಲನ್ನೇ ತೋರಿಸಲು ಕೇಳಬೇಕು. ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳಬೇಕು.

ಹನ್ನೊಂದು ತಿಂಗಳ ಕರಾರು ಮುಗಿದ ಕೂಡಲೇ ಆ ಮನೆ ಬಿಟ್ಟೆವು. ಪೇಂಟಿಂಗ್ ಖರ್ಚೆಂದು ಮಾಲೀಕರು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ಈ ಪದ್ಧತಿಗೆ ಬಸವನಗುಡಿಯೂ ಒಂದೇ, ಕೆಂಗೇರಿಯೂ ಒಂದೇ. ಮತ್ತೆ ಒಳಗಿನ ಬಡಾವಣೆಗೆ ಹಿಂದಿರುಗೋಣವೇ ಎಂದು ಅಮ್ಮನನ್ನು ಕೇಳಿದೆ. ಗಾಂಧಿಬಜಾರಿನ ಹೂವು ತರಕಾರಿಯನ್ನೂ ಕಾರ್ತಿಕದ ಕಡಲೆಕಾಯಿ ಪರಿಷೆಯನ್ನೂ ನೆನೆದು ಹಂಬಲಿಸುವ ಅಮ್ಮ, ಕೊನೆಗೆ ತಾರಸಿಯನ್ನು ಬಿಡಲು ಒಪ್ಪಲಿಲ್ಲ; ಪರಿಷೆಗೆ ವರ್ಷಕ್ಕೊಮ್ಮೆ ಹೋಗಿಬಂದರಾಯಿತು ಎಂದರು.

ಎರಡನೆಯ ಮನೆಯನ್ನು ಉಪನಗರದ ಒಳಗೆ, ನದಿಯಿಂದ ಸಾಕಷ್ಟು ದೂರದಲ್ಲಿ ಹುಡುಕಿದೆವು. ಅದನ್ನು ನೋಡಲು ಹೋದದ್ದು ಮಳೆ ನಿಂತ ಒಂದು ರಾತ್ರಿ ಎಂಟು ಗಂಟೆಗೆ. ಮಾಲೀಕರು ನನಗೆ ಹೊಸ ಟೈಲ್ಸ್, ಸೋಲಾರ್, ಕಾವೇರಿ ಬಿಲ್ಲು ಎಲ್ಲವನ್ನೂ ತೋರಿಸುತ್ತಿದ್ದ ಅರ್ಧ ಗಂಟೆಯೂ ಅಮ್ಮ ತಾರಸಿಯ ಮೂಲೆಯಲ್ಲಿ, ಸೆರಗು ಸರಿಸಿ, ಗಾಳಿ ಬರುವ ದಿಕ್ಕಿಗೆ ಮುಖ ಮಾಡಿಕೊಂಡು ನಿಂತಿದ್ದರು. ಕೆಳಗೆ ಇಳಿದು ಬಂದವರೇ, ಅಡ್ವಾನ್ಸ್ ಎಷ್ಟು ತಿಂಗಳದ್ದು ಎಂದು ಮಾಲೀಕರನ್ನು ಕೇಳಿದರು.