ಬಂಡೆ ದಾಟಿ ಪಕ್ಕದ ಬೀಚಿಗೆ ಹೋಗುವ ಮುನ್ನ ವಾಪಸ್ ಬರುವ ಹೊತ್ತು ನೋಡಿಕೊಳ್ಳಿ

ಗುಡ್ಡವೊಂದು ಸಮುದ್ರಕ್ಕೆ ಚಾಚಿಕೊಂಡಿರುತ್ತದೆ. ಅದರ ಬುಡದ ಬಂಡೆಗಳನ್ನು ಬಳಸಿಕೊಂಡು ಹೋದರೆ ಆಚೆ ಬದಿಗೆ ಸಣ್ಣದೊಂದು ಬೀಚು, ಜನರಿಲ್ಲ, ಮೂರು ಕಡೆ ಗೋಡೆಯಂಥ ಗುಡ್ಡ. ಫೋಟೋಗೆ ಹೇಳಿ ಮಾಡಿಸಿದ ಜಾಗ. ಆದರೆ ಹೊರಬರಲು ಇರುವುದು ಹೋದ ದಾರಿ ಒಂದೇ, ಅದೂ ದಿನಕ್ಕೆ ಕೆಲವೇ ಗಂಟೆ.

ಇಂಥಲ್ಲಿ ಸಿಕ್ಕಿಬೀಳುವವರ ದಿನ ಹೇಗೆ ಕೆಡುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡಿ. ಇಳಿತ, ಎಂದರೆ ಸಮುದ್ರದ ನೀರು ಅತಿ ಕೆಳಗಿರುವ ಹೊತ್ತು, ಬೆಳಿಗ್ಗೆ 11.10ಕ್ಕೆ; ಭರತ, ಎಂದರೆ ನೀರು ಅತಿ ಮೇಲಿರುವ ಹೊತ್ತು, ಸಂಜೆ 5.20ಕ್ಕೆ; ಎರಡರ ನೀರಿನ ಮಟ್ಟದ ಅಂತರ 3.6 ಮೀಟರ್. ದಾರಿಯ ಅತಿ ತಗ್ಗಾದ ಬಂಡೆ ಇಳಿತದ ಮಟ್ಟಕ್ಕಿಂತ 60 ಸೆಂ.ಮೀ. ಮೇಲಿದೆ. ನಾಲ್ಕು ಜನ 11.30ಕ್ಕೆ ದಾಟುತ್ತಾರೆ, ಚಪ್ಪಲಿಯೂ ಒದ್ದೆಯಾಗುವುದಿಲ್ಲ. ಊಟ, ಹರಟೆ. ಕೂತಲ್ಲಿ ಮರಳು ಒಣಗಿಯೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. 1.10ಕ್ಕೆ ಮೂಲೆ ತಿರುಗಿದರೆ ಬಂಡೆಯ ಮೇಲೆ 30 ಸೆಂ.ಮೀ. ನೀರು, ಜೊತೆಗೆ ಅಲೆ. ಹೋಗೋಣವೋ ಬೇಡವೋ ಎಂಬ ಚರ್ಚೆ ನಡೆಯುತ್ತಿರುವಾಗಲೇ 2.10 ಆಗುತ್ತದೆ, ನೀರು 1.2 ಮೀಟರ್, ಎಂದರೆ ದೊಡ್ಡವರಿಗೂ ಎದೆಮಟ್ಟ. ಆ ಬಂಡೆ ಮತ್ತೆ ಕಾಣುವುದು ರಾತ್ರಿ ಹತ್ತರ ಸುಮಾರಿಗೆ, ಕತ್ತಲಲ್ಲಿ.

ಮೋಸ ಎಲ್ಲಿದೆಯೆಂದರೆ, ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಸುಮಾರು ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗೆ ಮೂರು ಮೂರು, ಆಮೇಲೆ ಎರಡು, ಒಂದು. ಮೇಲಿನ ಲೆಕ್ಕದಲ್ಲಿ ಮೊದಲ ಗಂಟೆ ಏರಿದ್ದು ಬರೀ 30 ಸೆಂ.ಮೀ., ಮೂರನೆಯ ಗಂಟೆಯೊಂದರಲ್ಲೇ 90. ‘ಇಷ್ಟು ಹೊತ್ತಾದರೂ ಏನೂ ಆಗಲಿಲ್ಲವಲ್ಲ’ ಎಂಬ ಧೈರ್ಯ ಹುಟ್ಟುವುದೇ ಆ ಮೊದಲ ಗಂಟೆಯಲ್ಲಿ. ಇನ್ನೊಂದು, ನೀರು ಮೊದಲು ತಲುಪುವುದು ಹೊರಕ್ಕೆ ಚಾಚಿದ ಬಂಡೆಯನ್ನು, ಒಳಗಿನ ಮರಳನ್ನಲ್ಲ. ಕೂತ ಜಾಗಕ್ಕೆ ನೀರು ಬರುವಷ್ಟರಲ್ಲಿ ಬಾಗಿಲು ಮುಚ್ಚಿ ಬಹಳ ಹೊತ್ತಾಗಿರುತ್ತದೆ.

ಆದ್ದರಿಂದ ಇಳಿತಕ್ಕೆ ಒಂದೂವರೆ–ಎರಡು ಗಂಟೆ ಮುಂಚೆ, ನೀರು ಇನ್ನೂ ಇಳಿಯುತ್ತಿರುವಾಗ ಹೊರಡಿ. ಇಳಿತದ ಹೊತ್ತಿಗೆ ಸರಿಯಾಗಿ ವಾಪಸ್ ತಿರುಗಿ. ಇಳಿತಕ್ಕೆ ಹೊರಡುವುದಲ್ಲ, ಇಳಿತಕ್ಕೆ ತಿರುಗುವುದು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ, ಊಟ ಅರ್ಧವಾಗಿದ್ದರೂ ಏಳಿ.

ಭರತ–ಇಳಿತದ ಹೊತ್ತಿನ ಪಟ್ಟಿ ನೋಡಿದವರೂ ಎಡವುತ್ತಾರೆ. ನಿನ್ನೆಯ ಹೊತ್ತು ಇವತ್ತಿಗೆ ಆಗುವುದಿಲ್ಲ, ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆ್ಯಪ್ ತೋರಿಸುವುದು ಎಷ್ಟೋ ದೂರದ ಬಂದರಿನ ಹೊತ್ತಾಗಿರಬಹುದು, ಯಾವ ಬಂದರು ಎಂದು ನೋಡಿ. ಹೊತ್ತಿನ ಜೊತೆ ಎತ್ತರವನ್ನೂ ಓದಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಿಮೆ. ಹೋದ ವಾರ ಆರಾಮಾಗಿ ದಾಟಿದ ಬಂಡೆ ಈ ವಾರ ಅದೇ ಹೊತ್ತಿಗೆ ಮುಳುಗಿರಬಹುದು. ಗಾಳಿ ದಡದ ಕಡೆ ಬೀಸುತ್ತಿದ್ದರೆ, ವಾಯುಭಾರ ಕುಸಿದಿದ್ದರೆ ನೀರು ಪಟ್ಟಿಗಿಂತ ಮೇಲೆ ನಿಲ್ಲುತ್ತದೆ. ದಿನಕ್ಕೆ ಒಂದೇ ಭರತ ಬರುವ ಕಡಲತೀರಗಳೂ ಇವೆ, ಅಲ್ಲಿ ಈ ಹನ್ನೆರಡು ಪಾಲಿನ ಲೆಕ್ಕ ನಡೆಯುವುದಿಲ್ಲ.

ಅಲೆಗಳದ್ದು ಬೇರೆಯೇ ಗೋಳು. ದೊಡ್ಡವು ಗುಂಪಾಗಿ ಬರುತ್ತವೆ, ನಡುವೆ ಹಲವು ನಿಮಿಷ ಸಮುದ್ರ ಸುಮ್ಮನಿರುತ್ತದೆ. ದಾಟುವ ಮುನ್ನ ಇಪ್ಪತ್ತು ನಿಮಿಷ ನಿಂತು ನೋಡಿ. ಬಿಸಿಲಿದ್ದರೂ ಒದ್ದೆಯಾಗಿರುವ ಬಂಡೆ ಎಂದರೆ ಈಗಷ್ಟೇ ಅಲೆ ಬಂದು ಹೋದ ಬಂಡೆ, ಅಲ್ಲಿ ಸೆಲ್ಫಿಗೆಂದು ಬೆನ್ನು ತಿರುಗಿಸಬೇಡಿ. ಕಪ್ಪು ಪಾಚಿಯ ಪಟ್ಟಿ ಅಂತೂ ಎಣ್ಣೆ ಸವರಿದ ಹಾಗೆ, ಯಾವ ಶೂ ಹಾಕಿದರೂ ಜಾರುತ್ತದೆ.

ಸಿಕ್ಕಿಬಿದ್ದರೆ ಈಜಿಕೊಂಡು ಮೂಲೆ ಸುತ್ತುವ ಯೋಚನೆ ಬಿಡಿ. ಅಲೆ ಎತ್ತಿ ಬಂಡೆಗೇ ಬಡಿಯುತ್ತದೆ, ಬಂಡೆಗಂಟಿದ ಚಿಪ್ಪುಗಳು ಕೈಕಾಲು ಸೀಳುತ್ತವೆ. ಗುಡ್ಡದ ಗೋಡೆ ಹತ್ತಲೂ ಹೋಗಬೇಡಿ. ಹಿಂದಿನ ಭರತ ತಂದು ಬಿಟ್ಟ ಕಸದ ಗೆರೆ ಹುಡುಕಿ, ಅದಕ್ಕಿಂತ ಸಾಕಷ್ಟು ಮೇಲೆ ಹೋಗಿ; ಹುಲ್ಲು, ಗಿಡ ಬೆಳೆದ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು. ಕಲ್ಲು ಉದುರಿದ ಗುರುತಿರುವ ಕಡೆ ಕೂರಬೇಡಿ. ನೀರು ಮೊಣಕಾಲಿಗೆ ಬರುವವರೆಗೆ ಕಾಯದೆ ತುರ್ತು ಸಂಖ್ಯೆಗೆ ಕರೆ ಮಾಡಿ. ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದಿರುವುದೇ ಹೆಚ್ಚು, ಹಾಗಾಗಿ ಸೀಟಿ ಬೇಕು: ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಹೊರಡುವ ಮುಂಚೆ ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ಗಂಟೆಗೆ ಬರುತ್ತೇವೆ ಎಂದು ಮನೆಯಲ್ಲೋ ರೂಮಿನಲ್ಲೋ ಇರುವ ಒಬ್ಬರಿಗೆ ಹೇಳಿ ಹೋಗಿ.